‘ಫಾರೆಸ್ಟ್’ ಎಂದರೆ ಕಾಡಲ್ಲ

ಮಲೆನಾಡಿನ ಹಳ್ಳಿಗಳಲ್ಲಿ ‘ಫಾರೆಸ್ಟ್‌ನವರು ಬಂದರು’ ಎಂದರೆ ಇಲಾಖೆಯ ಜೀಪು ಬಂದಿದೆ ಎಂದರ್ಥ. ‘ಅದು ಫಾರೆಸ್ಟ್ ಜಾಗ’ ಎಂದರೆ ಅಲ್ಲಿ ಮರವಿರಲಿ ಬಿಡಲಿ, ಕತ್ತಿ ಹಿಡಿದು ಒಳಗೆ ಕಾಲಿಡುವಂತಿಲ್ಲ ಎಂದರ್ಥ. ಸೊಪ್ಪು, ಜೇನು, ಅಣಬೆ, ಉಪ್ಪಾಗೆಯ ಮಾತು ಬಂದಾಗ ಅದೇ ಜನ ‘ಕಾಡು’ ಎನ್ನುತ್ತಾರೆ, ‘ಕಾನು’ ಎನ್ನುತ್ತಾರೆ, ‘ಬೆಟ್ಟ’ ಎನ್ನುತ್ತಾರೆ. ಪಟ್ಟಣದ ವಿದ್ಯಾವಂತರು ಇದನ್ನು ಹಳ್ಳಿಗರ ಇಂಗ್ಲಿಷಿನ ಬಡತನವೆಂದು ನಗಬಹುದು. ಆ ಪದದ ಇತಿಹಾಸ ಬಲ್ಲವರು ನಗಲಾರರು. ಹಳ್ಳಿಗರು ಹಿಡಿದಿರುವುದು ಅದರ ಮೂಲಾರ್ಥವನ್ನೇ.

ಅರಸರ ದಫ್ತರದ ಕೂಸು

ಲ್ಯಾಟಿನ್ ಭಾಷೆಯಲ್ಲಿ ‘ಫೋರಿಸ್’ ಎಂದರೆ ‘ಹೊರಗೆ’. ಯುರೋಪಿನ ಫ್ರಾಂಕ್ ಅರಸರ 7ನೆಯ ಶತಮಾನದ ದಾನಪತ್ರಗಳಲ್ಲಿ ಕಾಣುವ ‘ಫೊರೆಸ್ಟಿಸ್’ ಎಂಬ ಪದ ಇದರಿಂದ ಬಂದುದೆಂಬುದು ಹೆಚ್ಚಿನ ವಿದ್ವಾಂಸರ ಮತ. ಸಾಮಾನ್ಯರ ಬಳಕೆಯಿಂದ ಹೊರಗಿರಿಸಿ ಅರಸನು ತನಗೆಂದು ಕಾದಿರಿಸಿಕೊಂಡ ನೆಲ ಎಂಬುದು ಅದರ ಭಾವ. ‘ಫಾರಿನ್’ ಎಂಬ ಪದವೂ ಇದೇ ಬೇರಿನದು. ನ್ಯಾಯಸ್ಥಾನವನ್ನು ಸೂಚಿಸುವ ‘ಫೋರಂ’ ಇದರ ಮೂಲವೆಂದು ವಾದಿಸುವವರೂ ಇದ್ದಾರೆ. ಯಾವುದನ್ನು ಒಪ್ಪಿದರೂ ಫಲ ಒಂದೇ: ಈ ಪದದ ಬೇರಿನಲ್ಲಿ ಮರವಿಲ್ಲ, ಆಜ್ಞೆ ಇದೆ.

1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ಅರಸ ವಿಲಿಯಂ ಈ ಪದ್ಧತಿಯನ್ನು ಅಲ್ಲಿಗೆ ಒಯ್ದನು. ಮರಗಳ ಗುಂಪಿಗೆ ಇಂಗ್ಲಿಷರಲ್ಲಿ ‘ವುಡ್’ ಎಂಬ ತಮ್ಮದೇ ಪದವಿತ್ತು. ‘ಫಾರೆಸ್ಟ್’ ಬೇಕಾಗಿದ್ದುದು ಅರಸನ ಬೇಟೆಗೆ. ಬಹುಪಾಲು ಬಯಲು ಗುಡ್ಡವಾದ ಡಾರ್ಟ್‌ಮೂರ್ ಕೂಡ ಕಾನೂನಿನ ಕಣ್ಣಿಗೆ ‘ಫಾರೆಸ್ಟ್’ ಆಗಿತ್ತು. ಜಿಂಕೆ ಕೊಂದವನ ಕಣ್ಣು ಕೀಳಿಸುವ ಶಿಕ್ಷೆಯಿತ್ತು. ಅರಸನ ಬೇಟೆಯ ಪ್ರಾಣಿಯನ್ನು ಅಟ್ಟದಿರಲೆಂದು ಹಳ್ಳಿಗರ ನಾಯಿಗಳ ಮುಂಗಾಲಿನ ಉಗುರುಗಳನ್ನು ಕತ್ತರಿಸಲಾಗುತ್ತಿತ್ತು.

ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಇಂದು ‘ಅಫಾರೆಸ್ಟೇಷನ್’ ಎಂದರೆ ಸಸಿ ನೆಡುವುದು, ‘ಡಿಫಾರೆಸ್ಟೇಷನ್’ ಎಂದರೆ ಮರ ಕಡಿಯುವುದು. ಮಧ್ಯಯುಗದಲ್ಲಿ ಹಾಗಿರಲಿಲ್ಲ. ಒಂದು ಸಸಿಯನ್ನೂ ನೆಡದೆ ಊರೊಂದನ್ನು ‘ಅಫಾರೆಸ್ಟ್’ ಮಾಡಬಹುದಿತ್ತು. ಒಂದು ಮರವನ್ನೂ ಕಡಿಯದೆ ‘ಡಿಫಾರೆಸ್ಟ್’ ಮಾಡಬಹುದಿತ್ತು. ಎರಡೂ ಲೇಖನಿಯ ಕೆಲಸಗಳಾಗಿದ್ದವು.

ಇದರ ವಿರುದ್ಧದ ಸಿಟ್ಟು ಫಲ ಕೊಟ್ಟಿದ್ದು 1217ರಲ್ಲಿ. ಆ ವರ್ಷದ ‘ಫಾರೆಸ್ಟ್ ಸನ್ನದು’ ಜಿಂಕೆಗಾಗಿ ಯಾರ ಪ್ರಾಣವನ್ನಾಗಲೀ ಅಂಗವನ್ನಾಗಲೀ ತೆಗೆಯಕೂಡದೆಂದು ವಿಧಿಸಿತು. ಸ್ವತಂತ್ರ ಪ್ರಜೆಗಳು ತಮ್ಮ ಮರಗಾಡುಗಳಲ್ಲಿ ಹಂದಿ ಮೇಯಿಸುವ, ಜೇನು ಪಡೆಯುವ ಹಕ್ಕುಗಳನ್ನು ಬರೆದಿಟ್ಟಿತು. 1971ರವರೆಗೆ ಅದು ಆ ದೇಶದ ಕಾನೂನು ಪುಸ್ತಕದಲ್ಲಿತ್ತು. ಹಡಗಿನಲ್ಲಿ ಭಾರತಕ್ಕೆ ಬಂದಿದ್ದು ‘ಫಾರೆಸ್ಟ್’ ಮಾತ್ರ, ಸನ್ನದು ಬರಲಿಲ್ಲ.

ಹೆಸರೊಂದು ಬಂದು ಹೆಸರು ಹಲವನ್ನು ನುಂಗಿತು

1864ರಲ್ಲಿ ಬ್ರಿಟಿಷ್ ಸರ್ಕಾರ ಅರಣ್ಯ ಇಲಾಖೆ ಸ್ಥಾಪಿಸಿ ಜರ್ಮನಿಯ ಡೀಟ್ರಿಕ್ ಬ್ರಾಂಡಿಸ್ ಅವರನ್ನು ಅದರ ಮುಖ್ಯಸ್ಥರನ್ನಾಗಿಸಿತು. 1865ರಲ್ಲಿ ಮೊದಲ ಕಾಯ್ದೆ, 1878ರಲ್ಲಿ ಅದಕ್ಕಿಂತ ಬಿಗಿಯಾದ ಎರಡನೆಯದು, 1927ರಲ್ಲಿ ಮೂರನೆಯದು ಬಂದವು. ನೆಲವನ್ನು ಕಾಯ್ದಿಟ್ಟ ಅರಣ್ಯವೆಂದು ಸಾರುವ ಮುನ್ನ ಹಕ್ಕು ಹೇಳಿಕೊಳ್ಳಲು ಕನಿಷ್ಠ ಮೂರು ತಿಂಗಳ ಗಡುವು ಕೊಡಬೇಕೆಂದೂ, ಹೇಳಿಕೊಳ್ಳದ ಹಕ್ಕು ಅಳಿಯುವುದೆಂದೂ 1927ರ ಕಾಯ್ದೆ ಹೇಳುತ್ತದೆ. ಓದು ಬಾರದ ಕಾಡಿನಂಚಿನ ಬಡವನಿಗೆ ಗೋಡೆಯ ಮೇಲಿನ ಆ ಪ್ರಕಟಣೆ ಯಾವ ಲೆಕ್ಕ?

ಇದೇ ಕಾಯ್ದೆಯ ವ್ಯಾಖ್ಯೆಗಳನ್ನು ಓದಿದವರಿಗೆ ಬೆರಗಾಗದಿರದು. ‘ದನ’ ಎಂದರೆ ಏನೆಂದು ಅದು ವಿವರಿಸುತ್ತದೆ. ಆನೆ, ಒಂಟೆಗಳೂ ಅದರಲ್ಲಿ ಸೇರಿವೆ. ‘ಮರ’ ಎಂದರೆ ಏನೆಂದು ಹೇಳುತ್ತದೆ. ಮೋಟು, ಪೊದೆ, ಬೆತ್ತಗಳೂ ಮರಗಳೇ. ಬಿದಿರು ಕೂಡ 90 ವರ್ಷ ಮರವಾಗಿದ್ದು, 2017ರ ತಿದ್ದುಪಡಿಯಿಂದ ಆ ಪಟ್ಟದಿಂದಿಳಿಯಿತು. ಆದರೆ ‘ಅರಣ್ಯ’ ಎಂದರೆ ಏನು? ಅದಕ್ಕೆ ಮಾತ್ರ ಆ ಕಾಯ್ದೆಯಲ್ಲಿ ವ್ಯಾಖ್ಯೆಯಿಲ್ಲ. ಸರ್ಕಾರ ಯಾವುದನ್ನು ಅರಣ್ಯವೆನ್ನುವುದೋ ಅದೇ ಅರಣ್ಯ. ನಾರ್ಮನ್ ಅರಸನ ಲೇಖನಿ ಇಲ್ಲಿಯೂ ಓಡಿದೆ.

‘ಫಾರೆಸ್ಟ್’ಗೆ ಕನ್ನಡದ ಕಚೇರಿಗಳು ಆರಿಸಿಕೊಂಡ ಪದ ‘ಅರಣ್ಯ’. ಸಂಸ್ಕೃತದ ‘ಅರಣ’ ಎಂದರೆ ದೂರದ್ದು, ಪರಕೀಯವಾದದ್ದು. ವೈದಿಕ ಸಾಹಿತ್ಯದಲ್ಲಿ ಗ್ರಾಮಕ್ಕೆ ಎದುರಾದದ್ದು ಅರಣ್ಯ. ಲ್ಯಾಟಿನ್ನಿನಲ್ಲಿ ಹೊರಗು, ಸಂಸ್ಕೃತದಲ್ಲಿ ದೂರ: ಎರಡೂ ಊರಿನಲ್ಲಿ ನಿಂತು ಕಾಡನ್ನು ನೋಡಿದವರ ಮಾತುಗಳು.

ಕಾಡಿನೊಳಗೇ ಬಾಳಿದವರ ನುಡಿ ಬೇರೆ. ಸೊರಬ, ಸಾಗರ, ಸಿದ್ದಾಪುರದವರಿಗೆ ನೀರಿನ ಸೆಲೆ ಕಾಯುವ ನಿತ್ಯಹಸಿರಿನ ತುಂಡು ‘ಕಾನು’. ಶಿರಸಿಯ ಕಡೆ ಅಡಿಕೆ ತೋಟಕ್ಕೆ ಸೊಪ್ಪು ಕೊಡುವುದು ‘ಸೊಪ್ಪಿನ ಬೆಟ್ಟ’, ಹುಲ್ಲು ಕೊಡುವುದು ‘ಬೇಣ’. ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನಂಚಿನ 100 ಗಜದೊಳಗಿನ ಸೊಪ್ಪು ಸೌದೆಯ ನೆಲ ‘ಕುಮ್ಕಿ’. ಕೊಡಗಿನಲ್ಲಿ ಗದ್ದೆಗೆ ಒತ್ತಾಸೆಯಾದದ್ದು ‘ಬಾಣೆ’, ಕೊಡಲಿ ತಾಗದ್ದು ‘ದೇವರಕಾಡು’. ಪ್ರತಿಯೊಂದು ಹೆಸರಿನಲ್ಲಿಯೂ ಯಾರು, ಯಾವುದಕ್ಕೆ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬ ಕಟ್ಟಳೆ ಅಡಗಿದೆ. ಇವೆಲ್ಲವನ್ನೂ ಒಂದೇ ಪದದ ಕೆಳಗೆ ತಂದಾಗ ಕಳೆದದ್ದು ಪದಸಂಪತ್ತು ಮಾತ್ರವಲ್ಲ, ಹಕ್ಕು ಮತ್ತು ಹೊಣೆ ಎರಡೂ. 1930ರಲ್ಲಿ ಉತ್ತರ ಕನ್ನಡದ ರೈತರು ಅರಣ್ಯ ಸತ್ಯಾಗ್ರಹಕ್ಕಿಳಿದುದೂ, 1983ರಲ್ಲಿ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡುದೂ ಈ ಕಳೆದುಹೋದದ್ದಕ್ಕಾಗಿ.

ವ್ಯಾಖ್ಯೆಯ ವ್ಯಾಪಾರ

ಪದದ ಹಗ್ಗಜಗ್ಗಾಟ ಮುಗಿದಿಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಲೆಕ್ಕದಲ್ಲಿ 1 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡದಾದ, ಶೇಕಡಾ 10ರಷ್ಟು ನೆಲಕ್ಕೆ ಮರದ ನೆರಳಿರುವ ಜಾಗವೆಲ್ಲ ‘ಅರಣ್ಯ ಹೊದಿಕೆ’. ಮರದ ಜಾತಿಯನ್ನೂ ಒಡೆತನವನ್ನೂ ಅದು ಕೇಳುವುದಿಲ್ಲ. ಕಾನು ಕಡಿದು ಅಕೇಶಿಯಾ ನೆಟ್ಟರೂ ವರದಿಯಲ್ಲಿ ಹಸಿರು ಹಸಿರಾಗಿಯೇ ಉಳಿಯುತ್ತದೆ. ಇತ್ತ ಕರ್ನಾಟಕದಲ್ಲಿ ಸುಮಾರು 9.94 ಲಕ್ಷ ಹೆಕ್ಟೇರ್ ಎಂದು ಗುರುತಿಸಿದ್ದ ‘ಡೀಮ್ಡ್ ಫಾರೆಸ್ಟ್’ 2022ರಲ್ಲಿ ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಯಿತು. ಬೆಂಕಿ ಬಿದ್ದಿರಲಿಲ್ಲ, ಗರಗಸ ಆಡಿರಲಿಲ್ಲ, ಪಟ್ಟಿ ಬದಲಾಗಿತ್ತು. ಎಂಟು ನೂರು ವರ್ಷಗಳ ಹಿಂದಿನ ‘ಡಿಫಾರೆಸ್ಟ್’ ಇದಕ್ಕಿಂತ ಬೇರೆಯಾಗಿತ್ತೆ?

ಹಾಗೆಂದು ಈ ಪದವನ್ನೇ ಕಿತ್ತೆಸೆಯಿರಿ ಎನ್ನುವವರ ಮಾತಿಗೆ ಮರುಳಾಗಬಾರದು. ಗಣಿಯವರೂ ರೆಸಾರ್ಟಿನವರೂ ಅದನ್ನೇ ಬಯಸುತ್ತಾರೆ. ಅರಣ್ಯವೆಂದರೆ ನಿಘಂಟಿನ ಅರ್ಥದ ಅರಣ್ಯವೇ ಎಂದು 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯ ಗೋದವರ್ಮನ್ ಪ್ರಕರಣದಲ್ಲಿ ನುಡಿದುದರಿಂದ ಎಷ್ಟೋ ಬೆಟ್ಟಗಳು ಉಳಿದವು. ಅದೇ ಪ್ರಕರಣದ 2002ರ ಆದೇಶದಿಂದಾಗಿ ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು. 2023ರ ತಿದ್ದುಪಡಿ ಆ ಅರ್ಥವನ್ನು ಕುಗ್ಗಿಸಲು ಹೊರಟಾಗ, ಸದ್ಯಕ್ಕೆ ಹಳೆಯ ಅರ್ಥವೇ ನಡೆಯಲಿ ಎಂದು 2024ರ ಫೆಬ್ರವರಿಯಲ್ಲಿ ನ್ಯಾಯಾಲಯ ಮಧ್ಯಂತರ ಆದೇಶ ನೀಡಿತು. ಕಾನೂನಿನ ಕವಚ ಬೇಕು. ಆದರೆ ಕವಚದೊಳಗೆ ಯಾರಿರಬೇಕೆಂಬ ತೀರ್ಮಾನ ಇಲಾಖೆಯೊಂದರದೇ ಆಗಕೂಡದು.

2006ರ ಅರಣ್ಯ ಹಕ್ಕು ಕಾಯ್ದೆ ಆ ತೀರ್ಮಾನದಲ್ಲಿ ಗ್ರಾಮಸಭೆಗೆ ಪಾಲು ಕೊಟ್ಟಿದೆ. ಸಮುದಾಯದ ಅರಣ್ಯವನ್ನು ಕಾಯುವ, ಬೆಳೆಸುವ, ನಿರ್ವಹಿಸುವ ಹಕ್ಕು ಅದರಲ್ಲಿದೆ. ಮೇವಿನ ನೆಲ, ಗೆಡ್ಡೆ ಹಣ್ಣುಗಳ ತಾಣ, ದೇವರಬನಗಳ ಕುರುಹುಗಳನ್ನೂ, ಹಿರಿಯರ ಲಿಖಿತ ಹೇಳಿಕೆಯನ್ನೂ ಅದರ ನಿಯಮಗಳು ಸಾಕ್ಷ್ಯವೆಂದು ಒಪ್ಪುತ್ತವೆ. ಊರಿನ ಹೆಸರುಗಳಿಗೆ ಹೀಗೆ ಕಾನೂನಿನ ಬೆಲೆ ಬಂದಿದೆ. ಆದರೂ ಹಕ್ಕಿನ ಅರ್ಜಿಗಳಲ್ಲಿ ‘ಅರಣ್ಯ, ಸರ್ವೆ ನಂಬರ್ ಇಂತಿಷ್ಟು’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವುದು ಶತ್ರುವಿನ ಕೈಗೆ ಕತ್ತಿ ಕೊಟ್ಟಂತೆ.

ಪ್ರತಿ ಗ್ರಾಮಸಭೆಯೂ ತನ್ನ ಎಲ್ಲೆಯ ಕಾನು, ಬೆಟ್ಟ, ಬೇಣ, ಬನಗಳನ್ನು ಹೆಸರು ಹಿಡಿದು ನಡಾವಳಿಯಲ್ಲಿ ಬರೆಸಬೇಕು. ಕಾಲೇಜಿನ ಮಕ್ಕಳು ಅಜ್ಜ ಅಜ್ಜಿಯರನ್ನು ಕರೆದುಕೊಂಡು ನಡೆದು, ಯಾವ ತುಂಡಿನ ಹೆಸರೇನು, ಅಲ್ಲಿ ಯಾವ ಕಟ್ಟಳೆಯಿತ್ತು, ಯಾರು ಅದನ್ನು ಮುರಿದರು ಎಂಬುದನ್ನು ದಾಖಲಿಸಬೇಕು. ಮುರಿದವರು ಊರಿನವರೇ ಆಗಿದ್ದರೆ ಅದನ್ನೂ ಮರೆಮಾಚಬಾರದು. ಹೊಣೆ ಹೊರದವನಿಗೆ ಹಕ್ಕು ಕೇಳುವ ಮುಖವಿಲ್ಲ. ‘ಹೊರಗೆ’ ಎಂಬರ್ಥದ ಪದವೊಂದು ಹದಿಮೂರು ಶತಮಾನಗಳಿಂದ ಜನರನ್ನು ಹೊರಗಿಡುತ್ತ ಬಂದಿದೆ. ಆ ಪದದೊಳಕ್ಕೆ ಹೊಗುವ ದಾರಿ ಇರುವುದು ಊರಿನ ನಡಾವಳಿ ಪುಸ್ತಕದಲ್ಲಿ.