ಟಿಸಿ ಸುಟ್ಟಿತು, ಫ್ಯೂಸ್ ಗಟ್ಟಿಮುಟ್ಟಾಗಿದೆ!

ಇಲ್ಲಿ ಏನಾದರೂ ಬರೆದು ತುಂಬಾ ದಿನ ಆಯ್ತು. ಕೆಲಸ, ಮನೆ, ಟ್ರಾಫಿಕ್ಕು... ನೆಪಗಳಿಗೇನೂ ಬರ ಇಲ್ಲ ಬಿಡಿ. ಇವತ್ತು ಮಾತ್ರ ಹೊಟ್ಟೆ ಉರಿದು ಬರೀತಾ ಇದ್ದೀನಿ. ವಿಷಯ ಫ್ಯೂಸು. ಬೋರು ಅಂತ ಅರ್ಧಕ್ಕೇ ಎದ್ದು ಹೋಗಬೇಡಿ ಮಾರಾಯ್ರೇ :-)

ಹೋದ ವಾರ ಊರಿಗೆ ಹೋಗಿದ್ದೆ. ದೊಡ್ಡಪ್ಪನ ತೋಟದ ಪಕ್ಕದ ಟಿಸಿ ಸುಟ್ಟು ಹನ್ನೊಂದು ದಿನ ಆಗಿತ್ತು, ಬೇರೆಯದು ಇನ್ನೂ ಬಂದಿರಲಿಲ್ಲ. ಟೊಮೇಟೊ ಗಿಡಗಳೆಲ್ಲ ಬಾಡಿ ತಲೆ ಬಗ್ಗಿಸಿದ್ದವು. ಕಂಬದ ಪೆಟ್ಟಿಗೆ ತೆಗೆದು ನೋಡಿದರೆ ಫ್ಯೂಸ್ ಇರಬೇಕಾದ ಕಡೆ 14 ಗೇಜಿನ ತಾಮ್ರದ ತಂತಿ, ಮೂರೂ ಫೇಸಿಗೆ! ಟಿಸಿ ಸತ್ತಿದೆ, ಅದನ್ನು ಕಾಯಬೇಕಾಗಿದ್ದ ಫ್ಯೂಸು ಹೊಚ್ಚ ಹೊಸದರ ಹಾಗೆ ಕೂತಿದೆ.

"ಯಾವ ಪುಣ್ಯಾತ್ಮ ಹಾಕಿದ್ದು ಇದನ್ನ?" ಅಂತ ರೇಗಿದೆ. ದೊಡ್ಡಪ್ಪನ ಮಗ ತಣ್ಣಗೆ ಹೇಳಿದ, "ನಾವೇ ಹಾಕಿದ್ದು ಅಣ್ಣ. ತ್ರೀ ಫೇಸ್ ಕೊಡೋದು ರಾತ್ರಿ ಹನ್ನೊಂದಕ್ಕೆ. ಫ್ಯೂಸ್ ಹೋದ್ರೆ ಬೆಂಗ್ಳೂರಿಂದ ಬಂದು ನೀನು ಹಾಕ್ತೀಯಾ?"

ಬಾಯಿ ಮುಚ್ಚಿಕೊಂಡೆ. ಯಾಕೆಂದರೆ ಎಂಜಿನಿಯರಿಂಗ್ ಓದುವಾಗ ಇದೇ ಪೆಟ್ಟಿಗೆಯ ಮುಂದೆ ನಿಂತು "ಒಂದೆಳೆ ಜಾಸ್ತಿ ಸುತ್ತಿ, ಏನೂ ಆಗಲ್ಲ" ಅಂದಿದ್ದವನು ನಾನೇ. ಆದರೆ ಅವತ್ತು ಲೆಕ್ಕ ಹಾಕಿರಲಿಲ್ಲ. ಈಗ ಹಾಕೋಣ ಬನ್ನಿ.

ಅದು 25 ಕೆವಿಎ ಟಿಸಿ, 11 ಸಾವಿರ ವೋಲ್ಟನ್ನು 433ಕ್ಕೆ ಇಳಿಸುವಂಥದ್ದು. ಎಲ್‌ಟಿ ಕಡೆ ಅದರ ಪೂರ್ಣ ಶಕ್ತಿ ಫೇಸಿಗೆ 33 ಆಂಪಿಯರ್. ಬರಿ ತಂತಿ ಎಷ್ಟಕ್ಕೆ ಕರಗುತ್ತೆ ಅನ್ನೋದಕ್ಕೆ 19ನೇ ಶತಮಾನದಲ್ಲೇ ಪ್ರೀಸ್ ಅನ್ನುವವರು ಸೂತ್ರ ಕೊಟ್ಟಿದ್ದಾರೆ. ಅದರ ಪ್ರಕಾರ 20 ಗೇಜಿನ ತಾಮ್ರ ಸುಮಾರು 70 ಆಂಪಿಯರಿಗೆ ಕರಗುತ್ತೆ, 14 ಗೇಜಿನದು ಸುಮಾರು 230ಕ್ಕೆ. ಕಣ್ಣಿಗೆ ಕಾಣೋ ವ್ಯತ್ಯಾಸ ಒಂದು ಮಿಲಿಮೀಟರು ಅಷ್ಟೇ!

ಕೊನೇ ಕಂಬ ಟಿಸಿಯಿಂದ ಒಂದು ಕಿಲೋಮೀಟರ್ ದೂರ. ಅಲ್ಲಿ ತೆಂಗಿನ ಗರಿ ಬಿದ್ದು ಫೇಸೂ ನ್ಯೂಟ್ರಲೂ ಅಂಟಿಕೊಂಡಿದ್ದವಂತೆ. ಎಲ್‌ಟಿ ತಂತಿಗೆ ಕಿಲೋಮೀಟರಿಗೆ ಸುಮಾರು ಒಂದು ಓಮ್ ಅಂತ ಹಿಡಿಯಿರಿ, ಹೋಗಿ ಬರೋದಕ್ಕೆ ಎರಡು. 240 ವೋಲ್ಟಿಗೆ 120 ಆಂಪಿಯರ್ ಆಯ್ತು. 20 ಗೇಜಿನ ತಂತಿಯಾಗಿದ್ದರೆ ಬೇಗನೆ ಕರಗಿ ಬಿದ್ದಿರುತ್ತಿತ್ತು. 14 ಗೇಜಿನದಕ್ಕೆ ಅದು ಲೆಕ್ಕಕ್ಕೇ ಇಲ್ಲ. ಟಿಸಿಗೆ ಮಾತ್ರ ಅದರ ಶಕ್ತಿಯ ಮೂರೂವರೆ ಪಟ್ಟಿಗಿಂತ ಜಾಸ್ತಿ.

"ಮೇಲೆ ಎಚ್‌ಟಿ ಫ್ಯೂಸ್ ಇರುತ್ತಲ್ಲ, ಅದು ಹೋಗುತ್ತೆ ಬಿಡಿ" ಅನ್ನುವವರಿದ್ದಾರೆ. ಹೋಗಲ್ಲ ಸ್ವಾಮಿ! ಈ 120 ಆಂಪಿಯರ್ 11 ಕೆವಿ ಕಡೆಗೆ ಹೋಗುವಾಗ 44ರಿಂದ ಭಾಗವಾಗಿ ಬರೀ 2.7 ಆಂಪಿಯರ್ ಆಗುತ್ತೆ. ಅಲ್ಲಿ 3 ಆಂಪಿಯರಿನ ಲಿಂಕ್ ಇದ್ದರೆ ಅದು ಐದು ನಿಮಿಷದಲ್ಲಿ ಕರಗಲೂ ಸುಮಾರು 6 ಆಂಪಿಯರ್ ಬೇಕು. ಕೆಳಗಿನ ಫ್ಯೂಸಿಗೂ ಗೊತ್ತಾಗಲಿಲ್ಲ, ಮೇಲಿನದಕ್ಕೂ ಗೊತ್ತಾಗಲಿಲ್ಲ. ನಡುವೆ ಟಿಸಿ ರಾತ್ರಿಯಿಡೀ ಬೆಂದುಹೋಯಿತು.

ಹಾಗಂತ ರೈತರನ್ನು ಬೈದು ಮುಗಿಸೋದು ನನ್ನ ಉದ್ದೇಶ ಅಲ್ಲ. ಫ್ಯೂಸ್ ದಿನಾ ರಾತ್ರಿ ಯಾಕೆ ಹೋಗುತ್ತಿತ್ತು ಅಂತ ಯಾರಾದರೂ ಕೇಳಿದರಾ? ಆ ಟಿಸಿ ಮೇಲೆ 5 ಎಚ್‌ಪಿಯ ಏಳು ಪಂಪುಗಳಿವೆ. ಒಂದಕ್ಕೆ ಸುಮಾರು 8 ಆಂಪಿಯರ್, ಏಳಕ್ಕೆ 56. ಟಿಸಿ ತಾಕತ್ತು 33. ಅದರ ಮೇಲೆ ಎಲ್ಲರದೂ ಆಟೋ ಸ್ಟಾರ್ಟರ್. ಕರೆಂಟ್ ಬಂದ ಕೂಡಲೇ ಏಳೂ ಮೋಟರ್ ಒಟ್ಟಿಗೆ ಏಳುತ್ತವೆ. ಏಳುವಾಗ ಪ್ರತಿಯೊಂದೂ ಸುಮಾರು ಆರು ಪಟ್ಟು ಎಳೆಯುತ್ತೆ. ಫ್ಯೂಸ್ ಹೋಗದೆ ಇನ್ನೇನು ಮಾಡಬೇಕು? ಅದು ನಿಜ ಹೇಳಿತು, ನಾವು ಅದರ ಬಾಯಿಗೆ ದಪ್ಪ ತಂತಿ ತುರುಕಿದೆವು.

ಇನ್ನೊಂದು ಸಂಗತಿ. ಯಾರದೋ ಒಂದು ಮೋಟರ್ ಶಾರ್ಟ್ ಆದರೆ ಅವರ ಸ್ಟಾರ್ಟರಿನ ಫ್ಯೂಸ್ ಮಾತ್ರ ಹೋಗಬೇಕು, ಉಳಿದ ಆರು ಪಂಪು ಓಡುತ್ತಿರಬೇಕು. ಇದಕ್ಕೇ ನಮ್ಮ ಕಡೆ ಕೋ-ಆರ್ಡಿನೇಶನ್ ಅನ್ನೋದು. ನಿಯಮ ಸರಳ: ಮೇಲಿನ ಫ್ಯೂಸ್ ಕರಗಲು ಶುರುವಾಗುವ ಮೊದಲೇ ಕೆಳಗಿನದು ಪೂರ್ತಿ ಕರಗಿ, ಕಿಡಿಯೂ ಆರಿ ಮುಗಿದಿರಬೇಕು. ಮೇಲಿನದರ ಸಮಯದ ಮುಕ್ಕಾಲು ಪಾಲಿನೊಳಗೆ ಕೆಳಗಿನದು ಮುಗಿದರೆ ಧೈರ್ಯ. ಒಂದೇ ಜಾತಿಯ ಎಚ್‌ಆರ್‌ಸಿ ಆದರೆ ಮೇಲಿನದು ಕೆಳಗಿನದರ 1.6 ಪಟ್ಟು ಸಾಕು, ಅಂದರೆ ಪಂಪಿಗೆ 20 ಇದ್ದರೆ ಟಿಸಿಗೆ 32. ನಮ್ಮಲ್ಲಿ ಸ್ಟಾರ್ಟರ್ ಪೆಟ್ಟಿಗೆಯಲ್ಲೂ ದಪ್ಪ ತಂತಿ! ಹಾಗಾಗಿ ಒಬ್ಬನ ಮೋಟರ್ ಕೆಟ್ಟರೆ ಊರಿಗೆಲ್ಲ ಕತ್ತಲೆ. ಊರಿಗೆಲ್ಲ ಕತ್ತಲೆ ಆಯಿತು ಅಂತ ಟಿಸಿಗೆ ಇನ್ನೂ ದಪ್ಪ ತಂತಿ.

"ಇದೆಲ್ಲ ಪುಸ್ತಕದ ಮಾತು, ಹಳ್ಳಿಗೆ ಹೊಂದಲ್ಲ" ಅಂತ ಹೇಳೋರ ಮೇಲೆ ನನಗೆ ನಿಜವಾದ ಸಿಟ್ಟು. ಹೊಂದಲ್ಲ ಅಂದರೆ ಏನರ್ಥ? ಪವರ್‌ಮ್ಯಾನ್ ಚೀಲದಲ್ಲಿ ಸರಿಯಾದ ಗೇಜಿನ ತಂತಿ ಇರಲ್ಲ, ಅದು ಪುಸ್ತಕದ ತಪ್ಪಾ? ಏಳು ಪಂಪು ಅಂತ ಗೊತ್ತಿದ್ದೂ 25ರ ಬದಲು 84 ಆಂಪಿಯರ್ ಕೊಡಬಲ್ಲ 63 ಕೆವಿಎ ಟಿಸಿ ಕೂರಿಸಲ್ಲ, ಅದು ಪುಸ್ತಕದ ತಪ್ಪಾ? ಮೇಲೆ ಕೂತವರು ಮಾಡದ್ದಕ್ಕೆ ಕೆಳಗಿನವನು ರಾತ್ರಿ ಹನ್ನೊಂದಕ್ಕೆ ಬ್ಯಾಟರಿ ಹಿಡಿದು ಲೈವ್ ಪೆಟ್ಟಿಗೆಗೆ ಕೈ ಹಾಕಬೇಕು. ಕೈ ಹೋದರೆ ಯಾರದು?

ಒಂದು ಮಾತು ಒಪ್ಪುತ್ತೇನೆ. ಸರಿಯಾದ ಫ್ಯೂಸೂ ಎಲ್ಲದಕ್ಕೂ ಮದ್ದಲ್ಲ. ತಂತಿ ತುಂಡಾಗಿ ಒಣನೆಲಕ್ಕೆ ಬಿದ್ದರೆ ಹರಿಯೋದು ಹತ್ತು ಆಂಪಿಯರೂ ಇರಲಿಕ್ಕಿಲ್ಲ, ಯಾವ ಗೇಜಿನ ಫ್ಯೂಸೂ ಹೋಗಲ್ಲ. ಮನುಷ್ಯ ಸಾಯೋದಕ್ಕೆ ಅದರ ನೂರರಲ್ಲಿ ಒಂದು ಪಾಲು ಸಾಕು. ಹಾಗಾಗಿ ಬಿದ್ದ ತಂತಿಯನ್ನು ಸತ್ತಿದೆ ಅಂತ ನಂಬಿ ಯಾವತ್ತೂ ಮುಟ್ಟಬೇಡಿ, ದನಕರುಗಳನ್ನೂ ಆ ಕಡೆ ಬಿಡಬೇಡಿ.

ಬರುವ ಮುಂಚೆ ತಮ್ಮನ ಹತ್ತಿರ ಕೂತು ಮಾತಾಡಿದೆ. ಏಳೂ ಸ್ಟಾರ್ಟರುಗಳಿಗೆ ಬೇರೆ ಬೇರೆ ಡಿಲೇ ಇಡೋದು, ಪ್ರತಿ ಪಂಪಿಗೆ ಅದರದ್ದೇ ಎಚ್‌ಆರ್‌ಸಿ, 63ರ ಟಿಸಿಗೆ ಏಳೂ ಜನ ಸಹಿ ಹಾಕಿ ಅರ್ಜಿ. ಅರ್ಜಿ ನಾನೇ ಬರೆದುಕೊಟ್ಟೆ, ಅಷ್ಟಾದರೂ ಮಾಡಬೇಕಿತ್ತು. ಅವನು "ನೋಡೋಣ ಅಣ್ಣ" ಅಂದ. ಟೊಮೇಟೊ ಬಗ್ಗೆ ದೊಡ್ಡಪ್ಪ ಏನೂ ಹೇಳಲಿಲ್ಲ.

ನಿಮ್ಮೂರಿನ ಟಿಸಿ ಪೆಟ್ಟಿಗೆಯಲ್ಲಿ ಏನಿದೆ ಅಂತ ಮುಂದಿನ ಸಲ ಹೋದಾಗ ದೂರದಿಂದಲೇ ನೋಡಿ ಬನ್ನಿ. ನೋಡಿದ್ದನ್ನು ನಿಮ್ಮ ಬ್ಲಾಗಿನಲ್ಲೂ ಬರೆಯಿರಿ. ನಾನು ಹೇಳಿದ್ದು ತಪ್ಪು ಅನ್ನಿಸಿದರೆ ಜಗಳಕ್ಕೂ ಬನ್ನಿ, ಲೆಕ್ಕದ ಸಮೇತ.