ಮೂಗಿನ ತೀರ್ಪು

ಹಳಸಿದ ಅನ್ನದ ಪಾತ್ರೆಯ ಮುಚ್ಚಳ ತೆಗೆದವನು ಮೊದಲು ಮುಖ ತಿರುಗಿಸುತ್ತಾನೆ. ಕಾರಣವನ್ನು ಆಮೇಲೆ ಯೋಚಿಸುತ್ತಾನೆ. ಮೂಗಿನ ತೀರ್ಪು ಬುದ್ಧಿಯ ಅಪ್ಪಣೆಗೆ ಕಾಯುವುದಿಲ್ಲ. ಮಿದುಳಿನ ರಚನೆಯಲ್ಲಿಯೇ ಇದಕ್ಕೆ ಎಡೆಯಿದೆ.

ವಾಸನೆಯನ್ನು ಹೊತ್ತು ತರುವುದು ಗಾಳಿಯಲ್ಲಿ ತೇಲುವ ಅಣುಗಳು. ಅವನ್ನು ಹಿಡಿಯಲು ಮಾನವನ ಮೂಗಿನ ಮೇಲ್ಭಾಗದ ನರಕೋಶಗಳಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಹಲವು ಗ್ರಾಹಕಗಳು ಒಟ್ಟಿಗೆ ಎಚ್ಚತ್ತಾಗ, ಅಕ್ಷರಗಳು ಕೂಡಿ ಪದವಾಗುವಂತೆ, ಒಂದು ವಾಸನೆಯ ಗುರುತು ಮೂಡುತ್ತದೆ. ಇಂತಹ ಗ್ರಾಹಕಗಳ ಜೀನುಗಳನ್ನು 1991ರಲ್ಲಿ ಇಲಿಗಳಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಕಣ್ಣು ಕಿವಿಗಳ ಸುದ್ದಿ ಥಲಾಮಸ್ ಎಂಬ ಠಾಣೆಯನ್ನು ಹಾದು ಮಿದುಳಿನ ಹೊರಪದರವನ್ನು ಸೇರಬೇಕು. ವಾಸನೆಯ ಸುದ್ದಿಗೆ ಆ ಸುತ್ತುದಾರಿಯಿಲ್ಲ. ಭಯವೇ ಮೊದಲಾದ ಭಾವಗಳಿಗೆ ಸಂಬಂಧಿಸಿದ ಅಮಿಗ್ಡಲವನ್ನು ಅದು ನೇರವಾಗಿ ಮುಟ್ಟುತ್ತದೆ. ನೆನಪನ್ನು ಕಟ್ಟುವ ಹಿಪ್ಪೊಕ್ಯಾಂಪಸ್ ಅಲ್ಲಿಂದ ದೂರವಿಲ್ಲ.

ಬೆಕ್ಕನ್ನು ಎಂದೂ ಕಾಣದೆ ಪ್ರಯೋಗಶಾಲೆಯಲ್ಲಿ ಬೆಳೆದ ಇಲಿಯೂ ಬೆಕ್ಕಿನ ವಾಸನೆಗೆ ಅಡಗಿಕೊಳ್ಳುತ್ತದೆ. ಆ ಭಯ ಹುಟ್ಟಿನಿಂದಲೇ ಬಂದದ್ದು. ಆದರೆ ಮನುಷ್ಯನ ಒಲವು ಹೇಸಿಕೆಗಳೂ ಹಾಗೆಯೇ ಎಂದು ತಿಳಿಯುವುದು ಸರಿಯಲ್ಲ; ಅವುಗಳಲ್ಲಿ ಬಹುಪಾಲು ಕಲಿತದ್ದು. ಈ ಕಲಿಕೆ ಗರ್ಭದಲ್ಲಿಯೇ ಮೊದಲಾಗುತ್ತದೆ. ಫ್ರಾನ್ಸಿನ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬಸುರಿಯಾಗಿದ್ದಾಗ ಸೋಂಪಿನಂತಹ ಪರಿಮಳದ ಅನೀಸನ್ನು ತಿಂದ ತಾಯಂದಿರ ಕೂಸುಗಳು ಹುಟ್ಟಿದೊಡನೆ ಆ ವಾಸನೆಗೆ ಒಲಿದವು. ಉಳಿದ ಕೂಸುಗಳು ಅದನ್ನು ಅಲಕ್ಷಿಸಿದವು, ಇಲ್ಲವೇ ಮುಖ ಹಿಂಡಿದವು.

ಸಾರಿನ ಒಗ್ಗರಣೆಗೆ ಇಂಗು ಬಿದ್ದರೆ ಕನ್ನಡಿಗನ ಬಾಯಲ್ಲಿ ನೀರೂರುತ್ತದೆ. ಅದೇ ಇಂಗಿಗೆ ಯುರೋಪಿನವರು ಇಟ್ಟ ಹೆಸರು 'ದೆವ್ವದ ಲದ್ದಿ'! ಈ ಮಾತಿಗೆ ನಗುವವನು ಪಕ್ಕದ ಬೆಂಚಿನ ಹುಡುಗ ಒಣಮೀನಿನ ಬುತ್ತಿ ಬಿಚ್ಚಿದಾಗ ಮೂಗು ಮುಚ್ಚಿಕೊಂಡು ದೂರ ಸರಿಯುತ್ತಾನೆ. ಮೂಗು ಹೇಸಿತೆಂದ ಮಾತ್ರಕ್ಕೆ ಆ ಊಟ ಹೀನವಾಗದು, ಉಣ್ಣುವವನೂ ಹೀನನಾಗನು. ಹೇಸಿದ ಮೂಗಿಗೆ ಆ ಅಡುಗೆಮನೆಯ ಪಾಠ ಆಗಿಲ್ಲ, ಅಷ್ಟೆ. ಹಾಗೆಂದು ಮೂಗಿನ ಎಚ್ಚರಿಕೆಯನ್ನೆಲ್ಲ ತಳ್ಳಿಹಾಕಬೇಕಾಗಿಲ್ಲ. ಅಡುಗೆ ಅನಿಲಕ್ಕೆ ಕಟುವಾಸನೆಯ ರಾಸಾಯನಿಕವನ್ನು ಬೆರೆಸಿರುವುದೇ ಸೋರಿಕೆ ತಿಳಿಯಲೆಂದು, ಅಲ್ಲಿ ತಡಮಾಡಬಾರದು. ಒಣಮೀನಿನ ಬುತ್ತಿಯಿಂದ ಅಂತಹ ಅಪಾಯವೇನೂ ಇಲ್ಲ. ಜೊತೆಗೆ ಕುಳಿತು ಉಂಡರೆ ಕೆಲವೇ ನಿಮಿಷಗಳಲ್ಲಿ ಮೂಗು ಆ ವಾಸನೆಗೆ ಒಗ್ಗಿ ದೂರುವುದನ್ನು ನಿಲ್ಲಿಸುತ್ತದೆ.