ಮಕ್ಕಳಾದವಲ್ಲ, ಇನ್ನೇಕೆ ಅದು?

"ಮಕ್ಕಳಾದವಲ್ಲ, ಇನ್ನೇಕೆ ಅದು? ತೆಗೆಸಿಬಿಡಿ." ವೈದ್ಯರು ಹೀಗೆಂದಾಗ ನನ್ನ ತಂಗಿಗೆ 34 ವರ್ಷ. ಪಕ್ಕದಲ್ಲಿ ಕುಳಿತಿದ್ದ ನಾನೂ ತಲೆಯಾಡಿಸಿದೆ. ಆ ತಪ್ಪಿಗೆ ಇಂದಿಗೂ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ಅವಳಿಗಿದ್ದದ್ದು ಹೊಟ್ಟೆನೋವು. ಕರಿದದ್ದು ತಿಂದ ರಾತ್ರಿ ಬಲಪಕ್ಕೆಲುಬಿನ ಕೆಳಗೆ ಹಿಡಿದುಕೊಂಡು ಬೆನ್ನಿಗೂ ಭುಜಕ್ಕೂ ಏರುತ್ತಿತ್ತು. ಗರ್ಭಕೋಶವಿರುವುದು ಕಿಬ್ಬೊಟ್ಟೆಯಲ್ಲಿ. ಇಷ್ಟನ್ನು ಯೋಚಿಸುವ ವ್ಯವಧಾನ ನಮ್ಮಿಬ್ಬರಿಗೂ ಇರಲಿಲ್ಲ. ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳು ಹೋದವು. ಯುಗಾದಿಯ ಹೋಳಿಗೆ, ತುಪ್ಪ ಉಂಡ ರಾತ್ರಿ ಅದೇ ನೋವು, ಅದೇ ಜಾಗದಲ್ಲಿ! ಬೇರೆ ಊರಿನಲ್ಲಿ ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದ ತುಂಬ ಕಲ್ಲು. ಮತ್ತೊಂದು ಆಪರೇಷನ್ ಆಯಿತು. ನೋವು ಹೋಯಿತು. ಆದರೆ ಹಠಾತ್ತನೆ ಮುಟ್ಟು ನಿಂತ ಮೈಯ ಬೇಗೆ, ಬೆವರು, ನಿದ್ದೆಗೇಡು ಉಳಿದವು. ಅಂಡಾಶಯ ಬೇಗ ಹೋದರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಅಪಾಯ ಹೆಚ್ಚು ಎಂದು ನಮಗೆ ಯಾರೂ ಹೇಳಿರಲಿಲ್ಲ.

ಹೆಂಗಸಿನ ಹೊಟ್ಟೆಯಲ್ಲಿ ಗರ್ಭಕೋಶವೊಂದೇ ಇದೆಯೇ? ಹೊಟ್ಟೆಹುಣ್ಣು, ಮೂತ್ರಪಿಂಡದ ಕಲ್ಲು, ಮೂತ್ರದ ಸೋಂಕು, ಅಪೆಂಡಿಕ್ಸ್, ನೋವಿಗೆ ಕಾರಣಗಳು ಎಷ್ಟಿಲ್ಲ! ಬಿಳಿಸೆರಗು, ಕಿಬ್ಬೊಟ್ಟೆಯ ಸೋಂಕುಗಳಿಗೆ ಎಷ್ಟೋ ಸಲ ಮಾತ್ರೆಯೇ ಸಾಕು.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ದೂರುಗಳು 2015ರಲ್ಲಿ ದೊಡ್ಡ ಸುದ್ದಿಯಾದವು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥದೇ ದೂರುಗಳ ಮೇಲೆ ಸುಪ್ರೀಂ ಕೋರ್ಟು 2023ರಲ್ಲಿ, ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಿರೆಂದು ರಾಜ್ಯಗಳಿಗೆ ಹೇಳಿತು.

ಆಪರೇಷನ್ನೇ ಬೇಡವೆಂದು ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಆದರೆ, ಔಷಧಿಗೆ ಬಗ್ಗದ ರಕ್ತಸ್ರಾವವಾದರೆ ತೆಗೆಸಲೇಬೇಕಾಗಬಹುದು. ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಕ್ಕಿಳಿದು ಕೂತ ನೋವಿಗೆ ಜೀರಿಗೆ ಕಷಾಯ ಕುಡಿಯುತ್ತ ಕೂರಬಾರದು, ಕೂಡಲೇ ಆಸ್ಪತ್ರೆಗೆ ಓಡಬೇಕು.

ಆದರೆ ಹತ್ತು ರೂಪಾಯಿ ಸೊಪ್ಪಿಗೆ ನಾಲ್ಕು ಅಂಗಡಿ ತಿರುಗುವ ನಾವು, ಒಡಲಿನ ಅಂಗವನ್ನು ಒಂದೇ ಮಾತಿಗೆ ಒಪ್ಪಿಸುವುದೇಕೆ? ಕೇಳಿ. ರೋಗದ ಹೆಸರೇನು? ಔಷಧಿಯಿಂದ ಆಗದೇ? ಅಂಡಾಶಯ ಉಳಿಸುತ್ತೀರಾ? ಇನ್ನೊಬ್ಬ ವೈದ್ಯರಿಗೂ ತೋರಿಸಿ. ಕೇಳಿದರೆ ಸಿಟ್ಟಾಗುವ ವೈದ್ಯರಿದ್ದರೆ, ಚಪ್ಪಲಿ ಮೆಟ್ಟಿ ಎದ್ದು ಬನ್ನಿ.

ಹೆರುವುದು ಮುಗಿದ ಮಾತ್ರಕ್ಕೆ ಹೆಂಗಸಿನ ಮೈ ಯಾರೂ ಬೀಗ ಒಡೆಯಬಹುದಾದ ಖಾಲಿ ಮನೆಯಲ್ಲ.